ಹಿಟ್ಟು ತಿಗಣೆಗೆ ಆ ಲೆಕ್ಕ ನಡೆಯಲ್ಲ

ವಿಕಿರಣದಿಂದ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ತುಂಡಾದರೆ ಯಾವ ಕೀಟದ ಸಂತಾನವೂ ಉಳಿಯದು ಎಂದು ಬರೆದು, ಹಣ್ಣುನೊಣದ ವಿಕಿರಣ ಡೋಸನ್ನೇ ಹಿಟ್ಟು ತಿಗಣೆಗೂ (ಗಿಡದ ರಸ ಹೀರುವ ಮೀಲಿಬಗ್) ಹೇಳಿದ್ದೀರಿ. ಆ ಮಾತು ಹಣ್ಣುನೊಣಕ್ಕೆ ಬಹುಮಟ್ಟಿಗೆ ಸರಿ, ಹಿಟ್ಟು ತಿಗಣೆಗೆ ಅಲ್ಲ. ಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಆಚೀಚೆ ಎಳೆಯುವ ದಾರಗಳಿರುತ್ತವೆ; ನೊಣದ ಕ್ರೋಮೋಸೋಮಿನಲ್ಲಿ ಆ ದಾರಕ್ಕೆ ಹಿಡಿತ ಸಿಗೋದು ಒಂದೇ ಕಡೆ, ಸೆಂಟ್ರೋಮಿಯರ್ ಎಂಬ ಜಾಗದಲ್ಲಿ. ಅದಿಲ್ಲದ ತುಂಡು ಕೋಶ ವಿಭಜನೆಯಲ್ಲಿ ಹಿಂದೆ ಬಿದ್ದು ಕಳೆದುಹೋಗುತ್ತದೆ. ಹಿಟ್ಟು ತಿಗಣೆ, ಸಸ್ಯಹೇನುಗಳಲ್ಲಿ ಉದ್ದಕ್ಕೂ ಹಿಡಿತವಿರುತ್ತದೆ, ಹಾಗಾಗಿ ತುಂಡುಗಳೂ ಸಾಮಾನ್ಯವಾಗಿ ಎರಡೂ ಕಡೆ ಹಂಚಿಹೋಗುತ್ತವೆ. ಇನ್ನೂ ಮಜಾ ಏನು ಗೊತ್ತಾ? ಗಂಡು ಹಿಟ್ಟು ತಿಗಣೆಯಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮುಗಳು ಮುದುಡಿಕೊಂಡು ಸುಮ್ನೆ ಬಿದ್ದಿರುತ್ತವೆ. ಹಾಗಾಗಿ ಅವು ಹಾಳಾದರೂ ಗಂಡಿಗೆ ಅಷ್ಟು ಪೆಟ್ಟಿಲ್ಲ; ಹೆಣ್ಣಿನಲ್ಲಿ ಅವು ಕೆಲಸ ಮಾಡುತ್ತಿರುತ್ತವೆ. 1961ರಲ್ಲಿ ವಿಜ್ಞಾನಿಗಳಾದ ಬ್ರೌನ್ ಮತ್ತು ನೆಲ್ಸನ್-ರೀಸ್ ವರದಿ ಮಾಡಿದ್ದೂ ಇದಕ್ಕೆ ಹೊಂದುತ್ತದೆ: ಅಪ್ಪನಿಗೆ ಜಾಸ್ತಿ ಎಕ್ಸ್-ರೇ ಕೊಟ್ಟಾಗ ಹೆಣ್ಣುಮರಿಗಳು ಸತ್ತವು, ಗಂಡುಮರಿಗಳು ಬದುಕಿದವು. ನೊಣದ ಡೋಸನ್ನೇ ಇದಕ್ಕೂ ಬರೆದರೆ ಹೇಗೆ ಸ್ವಾಮಿ?