ಕೆಂಪಾದರೂ ಗೊಬ್ಬರ, ಹಸಿರಾದರೂ ಗೊಬ್ಬರ

ಕಟಾವು ಮುಗಿಯಿತೋ ಇಲ್ಲವೋ, ಹೊಲದ ಬಣ್ಣದ ಚಿತ್ರ ಕೈಗೆ ಬಂದುಬಿಡುತ್ತದೆ. ಹಸಿರು ಇದ್ದ ಕಡೆ ಬೆಳೆ ಚೆನ್ನಾಗಿ ಬಂದಿದೆ, ಹಳದಿ ಇದ್ದ ಕಡೆ ಪರವಾಗಿಲ್ಲ, ಕೆಂಪು ಇದ್ದ ಕಡೆ ಕೈಕೊಟ್ಟಿದೆ. ಇದೇ ಇಳುವರಿ ನಕ್ಷೆ. ಅಮೆರಿಕದ ಅಯೋವಾದಲ್ಲಿ ಆಗ್ ಲೀಡರ್ ಕಂಪನಿ ಕಟಾವು ಯಂತ್ರಕ್ಕೆ ಕೂರಿಸುವ ಇಳುವರಿ ಮಾನಿಟರ್ ಮಾರಲು ಶುರು ಮಾಡಿದ್ದು 1992ರಲ್ಲಿ. ಅಲ್ಲಿಂದೀಚೆಗೆ ಎಷ್ಟು ನಕ್ಷೆಗಳು ಅಚ್ಚಾಗಿವೆಯೋ ದೇವರೇ ಬಲ್ಲ. ಅವುಗಳನ್ನು ನೋಡಿ ಗೊಬ್ಬರ ಕಡಿಮೆ ಮಾಡಿದ ರೈತರೂ ಇದ್ದಾರು. ಅವರ ಫೋಟೋ ಗೊಬ್ಬರದ ಅಂಗಡಿಯಲ್ಲಂತೂ ತೂಗುಹಾಕಿರುವುದಿಲ್ಲ.

ಈ ಮಾನಿಟರ್ ಕಾಳನ್ನು ತೂಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ತೂಗುವುದಿಲ್ಲ, ಪೆಟ್ಟು ಅಳೆಯುತ್ತದೆ. ಯಂತ್ರದೊಳಗೆ ಕಾಳನ್ನು ಮೇಲೆತ್ತುವ ಎಲಿವೇಟರ್ ಹತ್ತಿ ಬಂದ ಕಾಳು ಒಂದು ತಟ್ಟೆಗೆ ಬಡಿಯುತ್ತದೆ. ಪೆಟ್ಟು ಎಷ್ಟು ಜೋರಾಗಿ ಬಿತ್ತು ಅಂತ ಸೆನ್ಸರ್ ನೋಡಿಕೊಳ್ಳುತ್ತದೆ. ತೇವಾಂಶಕ್ಕೆ ಇನ್ನೊಂದು ಸೆನ್ಸರ್, ಜಾಗ ಹೇಳಲು ಜಿಪಿಎಸ್. ಯಂತ್ರದ ವೇಗ ಮತ್ತು ಕೊಯ್ಯುವ ಅಗಲ ಸೇರಿಸಿ ಲೆಕ್ಕ ಹಾಕಿದರೆ ಇಳುವರಿ ಸಿಕ್ಕಿತು. ಕೊಯ್ದ ಕಾಳು ತಟ್ಟೆಗೆ ತಲುಪಲು ಹತ್ತು ಸೆಕೆಂಡಿಗೂ ಜಾಸ್ತಿ ಬೇಕಾಗಬಹುದು. ಅಷ್ಟರಲ್ಲಿ ಗಂಟೆಗೆ 6 ಕಿಲೋಮೀಟರ್ ವೇಗದ ಯಂತ್ರ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಈ ತಡವನ್ನು ಸರಿಯಾಗಿ ಕೂರಿಸದಿದ್ದರೆ ಇಲ್ಲಿ ಬೆಳೆದದ್ದರ ಕೀರ್ತಿ ಅಲ್ಲಿಗೆ ಹೋಗುತ್ತದೆ. ಕೊನೆಯ ಸಾಲಿನಲ್ಲಿ 6 ಮೀಟರ್ ಅಗಲದ ಯಂತ್ರಕ್ಕೆ 3 ಮೀಟರ್ ಬೆಳೆಯಷ್ಟೇ ಸಿಕ್ಕಿತು ಅನ್ನಿ. ಅಗಲ ತಿದ್ದದಿದ್ದರೆ ಅದು 6ರ ಲೆಕ್ಕದಲ್ಲೇ ಭಾಗಿಸುತ್ತದೆ. ಚೆನ್ನಾಗಿ ಬೆಳೆದ ಪಟ್ಟಿ ರಾತ್ರೋರಾತ್ರಿ ಕೆಂಪು!

ಪೆಟ್ಟಿನ ಲೆಕ್ಕ ತಪ್ಪದಿರಲು ಮದ್ದು ಕ್ಯಾಲಿಬ್ರೇಷನ್. ಬೇರೆ ಬೇರೆ ವೇಗದಲ್ಲಿ ಕೊಯ್ದು, ಒಂದೊಂದು ಲೋಡನ್ನೂ ನಿಜವಾದ ತಕ್ಕಡಿಯಲ್ಲಿ ತೂಗಿ, ಯಂತ್ರಕ್ಕೆ ಸರಿಯಾದ ಲೆಕ್ಕ ಕಲಿಸಬೇಕು. ಬೆಳೆ ಬದಲಾದರೆ ಮತ್ತೆ ಕಲಿಸಬೇಕು. ಆದರೆ ಮೋಡ ಕಟ್ಟಿ ನಿಂತಾಗ ಯಾರಿಗೆ ಪುರುಸೊತ್ತು? ಹೋದ ವರ್ಷದ್ದೇ ಇರಲಿ ಬಿಡಿ ಅಂತ ಮುಂದೆ ಸಾಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಯಂತ್ರ ಅದನ್ನೇ ದಶಮಾಂಶದ ಎರಡು ಸ್ಥಾನದವರೆಗೆ ಹೇಳುತ್ತದೆ.

ಮುಂದಿನದು ಸಲಹೆಯ ಹಂತ. ನನಗೆ ಅತಿ ಇಷ್ಟವಾದ ಹಂತ ಇದು.

“ಕೆಂಪು ಜಾಗ ನೋಡಿ ಸರ್, ಮಣ್ಣು ಹಸಿದಿದೆ, ಜಾಸ್ತಿ ಗೊಬ್ಬರ ಕೊಡಬೇಕು” ಅನ್ನುತ್ತಾರೆ ಗೊಬ್ಬರದವರು. ಹಾಗಾದರೆ ಹಸಿರು ಜಾಗಕ್ಕೆ ಕಡಿಮೆ ಮಾಡೋಣವೇ? “ಛೇ ಛೇ! ಅಷ್ಟು ಬೆಳೆದ ನೆಲದಿಂದ ಸಾರವೆಲ್ಲ ಹೋಗಿದೆ, ಅಲ್ಲಿಗೂ ಜಾಸ್ತಿ ಬೇಕು.” ಮತ್ತೆ ಹಳದಿ? “ಸ್ವಲ್ಪ ತಳ್ಳಿದರೆ ಹಸಿರಾಗುತ್ತದೆ, ಅಲ್ವಾ ಸರ್?” ಬೀಜದವರಿಗೆ ಅದೇ ಕೆಂಪಿನಲ್ಲಿ ತಳಿಯ ದೋಷ ಕಾಣುತ್ತದೆ. ಡ್ರೋನ್‌ನವರು ಮೇಲಿನಿಂದ ನೋಡದೆ ಏನೂ ಹೇಳಲಾಗದು ಅನ್ನುತ್ತಾರೆ. ಸಾಫ್ಟ್‌ವೇರ್‌ನವರಿಗೆ ಇನ್ನೂ ಕೆಲವು ವರ್ಷದ ಡೇಟಾ ಬೇಕು, ಅಲ್ಲಿಯವರೆಗೆ ಚಂದಾ ಕಟ್ಟುತ್ತಿರಬೇಕು.

ನಕ್ಷೆ ಎಲ್ಲಿ ಕಡಿಮೆ ಅಂತ ಹೇಳುತ್ತದೆಯೇ ಹೊರತು ಯಾಕೆ ಕಡಿಮೆ ಅಂತ ಹೇಳುವುದಿಲ್ಲ. ಆ ಯಾಕೆಯನ್ನು ಬಂದವರೆಲ್ಲ ತಮ್ಮ ಗೋದಾಮಿನಿಂದ ತಂದು ತುಂಬುತ್ತಾರೆ. ಅಲ್ಲಿ ನೀರು ನಿಲ್ಲುತ್ತದೆ, ಇಲ್ಲಿ ಟ್ರ್ಯಾಕ್ಟರ್ ತಿರುಗಿ ತಿರುಗಿ ನೆಲ ಗಟ್ಟಿಯಾಗಿದೆ, ಆ ಮೂಲೆಗೆ ಮರದ ನೆರಳು. ದಿನಾ ಹೊಲದಲ್ಲಿ ಓಡಾಡುವವರಿಗೆ ಇದೆಲ್ಲ ಗೊತ್ತು. ಆದರೆ ಅವರು ಹೇಳುವುದು ಬಾಯಿಮಾತಿನಲ್ಲಿ. ಬಾಯಿಮಾತನ್ನು ಸಾಫ್ಟ್‌ವೇರ್‌ಗೆ ಅಪ್‌ಲೋಡ್ ಮಾಡಲು ಬಟನ್ ಇಲ್ಲ.

ಮಳೆ ಇನ್ನೂ ಕಿತಾಪತಿ ಮಾಡುತ್ತದೆ. ಹೆಚ್ಚು ಮಳೆಯಾದ ವರ್ಷ ತಗ್ಗಿನಲ್ಲಿ ನೀರು ನಿಂತು ಕೆಂಪು, ದಿಣ್ಣೆ ಹಸಿರು. ಮಳೆ ಕೈಕೊಟ್ಟ ವರ್ಷ ದಿಣ್ಣೆ ಕೆಂಪು, ತಗ್ಗು ಹಸಿರು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಇಡೀ ಹೊಲ ಹಳದಿ. ಯಾವ ಗೊಂದಲವೂ ಇಲ್ಲದ, ಯಾವ ಕೆಲಸಕ್ಕೂ ಬಾರದ ಹಳದಿ. ಸರಾಸರಿ ಬೇಡ ಅಂತ ಹೋದ ವರ್ಷದ ನಕ್ಷೆಯೊಂದನ್ನೇ ನಂಬಿದರೆ, ಕಳೆದುಹೋದ ಮಳೆಗೆ ಈ ವರ್ಷ ಗೊಬ್ಬರ ಹಾಕಿದ ಹಾಗೆ.

ಮಾನಿಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರಿಂದ ಆಗುವ ಒಂದು ಒಳ್ಳೆ ಕೆಲಸವಿದೆ, ಖರ್ಚೂ ಕಡಿಮೆ. ಹೊಲದ ಉದ್ದಕ್ಕೂ ಅಲ್ಲಲ್ಲಿ ಕೆಲವು ಪಟ್ಟಿಗಳಿಗೆ ಗೊಬ್ಬರ ಕಡಿಮೆ ಹಾಕಿ. ಮಿಕ್ಕಿದ್ದಕ್ಕೆ ಎಂದಿನಷ್ಟೇ ಹಾಕಿ. ಕೊಯ್ದು ಹೋಲಿಸಿ. ಹಾಕಿದ ದುಡ್ಡು ಬೆಳೆಯಾಗಿ ವಾಪಸ್ ಬಂತೋ ಇಲ್ಲವೋ ಅಂತ ಹೊಲವೇ ಹೇಳುತ್ತದೆ. ವರ್ಷ ವರ್ಷ ನಷ್ಟವನ್ನೇ ಕೊಡುವ ಮೂಲೆ ಯಾವುದು ಅಂತಲೂ ಗೊತ್ತಾಗುತ್ತದೆ. ಆ ಮೂಲೆಯನ್ನು ಬಿತ್ತದೆ ಸುಮ್ನೆ ಬಿಟ್ಟರೆ ಅದೇ ಲಾಭ. ಇಂಥ ಸಲಹೆಗೆ ಬಿಲ್ ಬರೆಯಲು ಬರುವುದಿಲ್ಲ, ಹಾಗಾಗಿ ಅದನ್ನು ಕೊಡುವವರೂ ಕಡಿಮೆ.

ಯಾರಾದರೂ ಮಾಡಿ ನೋಡಿದರು ಅಂತಿಟ್ಟುಕೊಳ್ಳಿ. ಅರ್ಧ ಗೊಬ್ಬರದ ಪಟ್ಟಿಗಳೂ ಪಕ್ಕದವುಗಳಷ್ಟೇ ಹಸಿರಾಗಿ ಬಂದವು. ನಕ್ಷೆ ನೋಡಿದ ಗೊಬ್ಬರದವರು ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಆಗ ಕೇಳುತ್ತಾರೆ: “ಸರ್, ಮಾನಿಟರ್ ಕ್ಯಾಲಿಬ್ರೇಷನ್ ಮಾಡಿಸಿದ್ದೀರಿ ತಾನೇ?”