ಚಪ್ಪಾಳೆ ಬೇಡ, ಚಿಟಿಕೆ ಸಾಕು

2006ರಲ್ಲಿ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಮೆರಿಕದವರಿಗೆ ಫೋನಿನಲ್ಲಿ ಸಾಮಾನು ಮಾರುವ ಕೆಲಸ. ಬೆಳಗಿನ ಜಾವ ಸಿಗುತ್ತಿದ್ದ ಇಪ್ಪತ್ತು ನಿಮಿಷದ ಬಿಡುವಿನಲ್ಲಿ ನಾನೂ ಹಾಸನದ ಕಡೆಯ ಒಬ್ಬ ಹುಡುಗನೂ ಹಿಂದಿನ ಮೆಟ್ಟಿಲುಗಳ ಮೇಲೆ ಕುಳಿತು ಟೀ ಕುಡಿಯುತ್ತಿದ್ದೆವು. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಯಲ್ಲಿ, ಇನ್ನೊಂದು ಅವನ ಕಿವಿಯಲ್ಲಿ. ಒಂದು ರಾತ್ರಿ ಅವನು ಕೇಳಿದ: "ಅಣ್ಣ, ಇದರಲ್ಲಿ ಡ್ರಮ್ ಯಾವಾಗ ಬರುತ್ತದೆ?"

"ಬರುವುದಿಲ್ಲ ಕಣಪ್ಪ."

ಅವನು ಮತ್ತೆ ಮಾತಾಡಲಿಲ್ಲ. ಹಾಡು ಮುಗಿದ ಮೇಲೆ "ಇನ್ನೊಂದು ಸಲ ಹಾಕಿ" ಎಂದ.

ಹಾಡಿನ ಹೆಸರು 'ಹೋಮ್‌ಸಿಕ್'. ಹಾಡಿದವರು ನಾರ್ವೆಯ ಕಿಂಗ್ಸ್ ಆಫ್ ಕನ್ವೀನಿಯನ್ಸ್ ಎಂಬ ಇಬ್ಬರ ತಂಡ. ಅದರಲ್ಲಿ ಬರುವವನೂ ಒಬ್ಬ ಮಾರಾಟಗಾರನೇ. ಅವನಿಗೆ ಒಂದು ಹಳೆಯ ಧ್ವನಿಮುದ್ರಣ ಸಿಕ್ಕಿದೆ, ಅದರಲ್ಲಿ ಹೊಂದಿಕೊಂಡು ಹಾಡುವ ಎರಡು ಮೆತ್ತನೆಯ ದನಿಗಳಿವೆ. ಅದನ್ನು ಕೇಳುತ್ತಾ ಕೆಲವು ಮಾರಾಟ ಕೈತಪ್ಪಿಹೋಗುತ್ತದೆ, ಸಾಹೇಬರಿಗೆ ಸಿಟ್ಟು ಬರುತ್ತದೆಂದು ಗೊತ್ತಿದ್ದೂ ಕೇಳುವುದನ್ನು ನಿಲ್ಲಿಸಲಾಗುವುದಿಲ್ಲ. ಕನ್ನಡಿಯಲ್ಲಿರುವ ಹುಡುಗ ದಿನವೂ ಅವನನ್ನು ಕೇಳುತ್ತಾನೆ: ನೀನು ಇಲ್ಲೇನು ಮಾಡುತ್ತಿದ್ದೀಯ? ಆ ಮೆಟ್ಟಿಲ ಮೇಲೆ ಕುಳಿತಿದ್ದ ನಮ್ಮಿಬ್ಬರಿಗೆ ಈ ಹಾಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಈ ಜೋಡಿಯನ್ನು ನಾನು ಬಿಟ್ಟಿಲ್ಲ. ಇವರ ಬಗ್ಗೆ ಎಲ್ಲಿ ಮಾತು ಬಂದರೂ ಒಂದು ದೂರು ಕೇಳಿಸುತ್ತದೆ: ಪ್ರತಿಭೆ ಇತ್ತು, ಆದರೆ ಸೋಮಾರಿಗಳು, ಇಪ್ಪತ್ತು ವರ್ಷದಲ್ಲಿ ನಾಲ್ಕೇ ಆಲ್ಬಮ್ ಮಾಡಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಇವತ್ತು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅರ್ಲೆಂಡ್ ಓಯೆ ಮತ್ತು ಐರಿಕ್ ಗ್ಲಾಂಬೆಕ್ ಬೋಯೆ ಇಬ್ಬರೂ 1975ರಲ್ಲಿ ಹುಟ್ಟಿದವರು, ಒಂದೇ ಊರಿನವರು, ಶಾಲೆಯ ದಿನಗಳಿಂದ ಗೆಳೆಯರು. ಊರು ಬೆರ್ಗನ್. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಏಳು ಬೆಟ್ಟಗಳ ನಡುವೆ, ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಮಳೆ ಕಾಣುವ ಬಂದರು ಪಟ್ಟಣ. ಹದಿಹರೆಯದಲ್ಲಿ ಇಬ್ಬರೂ ಇನ್ನಿಬ್ಬರ ಜೊತೆ ಸೇರಿ 'ಸ್ಕೂಗ್' ಎಂಬ ತಂಡ ಕಟ್ಟಿದ್ದರು. ನಾರ್ವೇಜಿಯನ್‌ನಲ್ಲಿ ಆ ಪದಕ್ಕೆ ಕಾಡು ಎಂದರ್ಥ. ಆ ತಂಡ ಹೆಚ್ಚು ದಿನ ಬಾಳಲಿಲ್ಲ. ಅರ್ಲೆಂಡ್ ಲಂಡನ್ನಿಗೆ ಹೋಗಿ ಬೇರೆ ತಂಡದಲ್ಲಿ ನುಡಿಸಿದರು. ಮತ್ತೆ ಐರಿಕ್ ಜೊತೆ ಕುಳಿತಾಗ ಎರಡು ಗಿಟಾರು, ಎರಡು ದನಿ, ಇಷ್ಟೇ ಉಳಿದವು. ಒಂದು ಗಿಟಾರಿಗೆ ನೈಲಾನ್ ತಂತಿ, ಇನ್ನೊಂದಕ್ಕೆ ಉಕ್ಕಿನ ತಂತಿ. ಒಂದು ದುಂಡಗೆ, ಮಂದವಾಗಿ ನುಡಿದರೆ ಇನ್ನೊಂದು ಅದರ ಅಂಚಿನಲ್ಲಿ ಮಿನುಗುತ್ತದೆ. ನಮ್ಮ ಜುಗಲ್‌ಬಂದಿಯ ಹಾಗೆ ಇಲ್ಲಿ ಸವಾಲು ಜವಾಬು ಇಲ್ಲ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಬೆರಳು ಬೀಳುತ್ತದೆ. ಎಷ್ಟೋ ಸಲ ಕಣ್ಣು ಮುಚ್ಚಿ ಕೇಳಿದ್ದೇನೆ, ಯಾವ ಸ್ವರ ಯಾರದು ಎಂದು ಬೇರೆ ಮಾಡಲು ಈಗಲೂ ಆಗುವುದಿಲ್ಲ.

2001ರಲ್ಲಿ ಬಂದ ಆಲ್ಬಮ್ಮಿನ ಹೆಸರು 'ಕ್ವಯಟ್ ಈಸ್ ದ ನ್ಯೂ ಲೌಡ್'. ಮೆಲುದನಿಯೇ ಇನ್ನು ಮುಂದಿನ ಅಬ್ಬರ ಎಂಬ ಧಾಟಿಯ ಹೆಸರು. ನಿರ್ಮಾಪಕ ಕೆನ್ ನೆಲ್ಸನ್. ಅದರ ಹಿಂದಿನ ವರ್ಷ ಕೋಲ್ಡ್‌ಪ್ಲೇ ತಂಡದ ಮೊದಲ ಆಲ್ಬಮ್ಮಿಗೆ ಕೆಲಸ ಮಾಡಿದ್ದವರು. ಪತ್ರಿಕೆಗಳಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ, ಆ ಕಾಲದಲ್ಲಿ ಮೆಲ್ಲಗೆ ಗಿಟಾರ್ ನುಡಿಸಿದವರನ್ನೆಲ್ಲ ಅದೇ ಹೆಸರಿನ ಚಳವಳಿಗೆ ಸೇರಿಸಿಬಿಟ್ಟವು. ಇವರನ್ನು ಅಮೆರಿಕದ ಹಳೆಯ ಗಾಯಕ ಜೋಡಿ ಸೈಮನ್ ಮತ್ತು ಗಾರ್ಫಂಕಲ್ ಜೊತೆ ಹೋಲಿಸಿದವರೂ ಬಹಳ. ದನಿಗಳ ಹೊಂದಿಕೆಯ ಮಟ್ಟಿಗೆ ಅದು ನಿಜ. ಗಿಟಾರಿನ ನಡೆಯಲ್ಲಿ ನನಗೆ ಹೆಚ್ಚು ಕೇಳಿಸುವುದು ಬೊಸಾನೋವಾ ಎಂಬ ಬ್ರೆಜಿಲಿನ ಮೆಲುನಡೆಯ ಸಂಗೀತ.

ಮೆಲ್ಲಗೆ ಹಾಡುವುದೆಂದರೆ ಸುಲಭವಾದದ್ದು, ಮಲಗುವಾಗ ಹಾಕಿಕೊಳ್ಳುವ ಸಂಗೀತ ಎಂದುಕೊಂಡವರು ಬೆರ್ಗನ್ನಿನ ಇನ್ನೊಂದು ಮುಖವನ್ನೂ ನೋಡಬೇಕು. ಬ್ಲ್ಯಾಕ್ ಮೆಟಲ್ ಎಂಬ ಅತಿ ಉಗ್ರ ಸಂಗೀತದ ದೊಡ್ಡ ನೆಲೆಗಳಲ್ಲಿ ಆ ಊರೂ ಒಂದು. 1992ರ ಜೂನ್‌ನಲ್ಲಿ ಅಲ್ಲಿನ ಫಾಂಟಾಫ್ಟ್ ಎಂಬ ಪುರಾತನ ಮರದ ಚರ್ಚು ಬೆಂಕಿಗೆ ಆಹುತಿಯಾದಾಗ ಎಲ್ಲರ ಕಣ್ಣು ಆ ಸಂಗೀತದ ವಲಯದ ಮೇಲೆ ಬಿದ್ದಿತ್ತು. ಆಗ ಈ ಇಬ್ಬರು ಹದಿನಾರು ಹದಿನೇಳರ ಹುಡುಗರು. ಗಿಟಾರ್ ಹಿಡಿದ ಹುಡುಗರು ಜೋರು ಮಾಡುವುದೇ ರೂಢಿಯಾಗಿದ್ದ ಊರಿನಲ್ಲಿ ಪಿಸುಮಾತಿನ ಮಟ್ಟಕ್ಕೆ ಇಳಿದು ಹಾಡಬೇಕಾದರೆ ಗಟ್ಟಿ ಮನಸ್ಸು ಬೇಕು. ಜೋರು ಸದ್ದಿನ ಹಿಂದೆ ತಪ್ಪನ್ನು ಅಡಗಿಸಬಹುದು. ಇಲ್ಲಿ ತಂತಿಯ ಮೇಲೆ ಬೆರಳು ಜಾರಿದ ಕಿರುಸದ್ದು ಕೂಡ ಕೇಳಿಸುತ್ತದೆ.

ಅದೇ ಬೆರ್ಗನ್ನಿನಿಂದ ಅದೇ 2001ರಲ್ಲಿ ರೋಯ್ಕ್‌ಸೋಪ್ ಎಂಬ ಎಲೆಕ್ಟ್ರಾನಿಕ್ ಜೋಡಿಯೂ ಹೊರಬಂದಿತು. ಅವರ ಮೊದಲ ಆಲ್ಬಮ್ಮಿನ 'ರಿಮೈಂಡ್ ಮಿ', 'ಪುವರ್ ಲೆನೋ' ಹಾಡುಗಳಲ್ಲಿ ಕೇಳಿಸುವುದು ಅರ್ಲೆಂಡ್ ದನಿಯೇ. ಕಿಂಗ್ಸ್ ಆಫ್ ಕನ್ವೀನಿಯನ್ಸ್ ಕೂಡ ತಮ್ಮ ಮೊದಲ ಹಾಡುಗಳನ್ನು ಬೇರೆಯವರ ಕೈಗೆ ಕೊಟ್ಟು 'ವರ್ಸಸ್' ಎಂಬ ರೀಮಿಕ್ಸ್ ಆಲ್ಬಮ್ ತಂದಿತು.

ಇಷ್ಟೊಂದು ಹೆಸರು ಬಂದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಮರುವರ್ಷವೇ ಇನ್ನೊಂದು ಆಲ್ಬಮ್, ಇನ್ನೊಂದು ಪ್ರವಾಸ. ಐರಿಕ್ ಬೆರ್ಗನ್ನಿನಲ್ಲೇ ಉಳಿದರು, ಮನಶ್ಶಾಸ್ತ್ರ ಓದಿದರು. ಅರ್ಲೆಂಡ್ ಕಾಲು ಒಂದೆಡೆ ನಿಲ್ಲಲಿಲ್ಲ. ಹತ್ತು ಊರುಗಳಲ್ಲಿ ಹತ್ತು ನಿರ್ಮಾಪಕರ ಜೊತೆ ಕುಳಿತು 2003ರಲ್ಲಿ 'ಅನ್‌ರೆಸ್ಟ್' ಎಂಬ ಒಂಟಿ ಆಲ್ಬಮ್ ಮಾಡಿದರು. ಬರ್ಲಿನ್ನಿನಲ್ಲಿ 'ದ ವೈಟೆಸ್ಟ್ ಬಾಯ್ ಅಲೈವ್' ಎಂಬ ಕುಣಿಸುವ ತಂಡ ಕಟ್ಟಿದರು. ಅಷ್ಟರ ನಡುವೆಯೇ 2004ರಲ್ಲಿ 'ರಯಟ್ ಆನ್ ಆ್ಯನ್ ಎಂಪ್ಟಿ ಸ್ಟ್ರೀಟ್' ಬಂತು. 'ಹೋಮ್‌ಸಿಕ್' ಇರುವುದು ಅದರಲ್ಲೇ. ಕೆನಡಾದ ಗಾಯಕಿ ಫೈಸ್ಟ್ ಎರಡು ಹಾಡುಗಳಿಗೆ ದನಿ ಕೊಟ್ಟಿದ್ದಾರೆ. 'ಐಡ್ ರಾದರ್ ಡಾನ್ಸ್ ವಿತ್ ಯೂ' ಹಾಡಿನ ವೀಡಿಯೊವನ್ನು ಬಹಳ ಜನ ನೋಡಿರುತ್ತೀರಿ. ದಪ್ಪ ಕನ್ನಡಕದ ಅರ್ಲೆಂಡ್ ಬ್ಯಾಲೆ ಕಲಿಯುವ ಪುಟ್ಟ ಹುಡುಗಿಯರ ನಡುವೆ ನಿಂತು ಕೈಕಾಲು ಬೀಸಿ ಕುಣಿಯುತ್ತಾರೆ. ಆ ಕುಣಿತದಲ್ಲಿ ನಾಚಿಕೆಯ ಸುಳಿವೇ ಇಲ್ಲ. ಬೇಸರವಾದಾಗಲೆಲ್ಲ ನಾನು ಅದನ್ನು ನೋಡುತ್ತೇನೆ.

ಒಂದು ಸಂಗತಿ ನನಗೆ ಬಹಳ ಇಷ್ಟ. 2004ರ ಆಲ್ಬಮ್ಮಿಗೆ ಹೆಸರಾದ ಹಾಡು ಆ ಆಲ್ಬಮ್ಮಿನಲ್ಲಿ ಇಲ್ಲ. ಅದೇ ಹೆಸರಿನ ಹಾಡು ಹೊರಬಂದದ್ದು ಐದು ವರ್ಷದ ಮೇಲೆ, 2009ರ ಆಲ್ಬಮ್ಮಿನಲ್ಲಿ. ಇವರ ಕೈಯಲ್ಲಿ ಹಾಡು ಹೇಗೆ ಕಾಯುತ್ತದೆ ಎನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಆ 2009ರ ಆಲ್ಬಮ್ಮೇ ನನ್ನ ಪಾಲಿಗೆ ಇವರ ಅತ್ಯುತ್ತಮ ಕೆಲಸ. ಹೆಸರು 'ಡಿಕ್ಲರೇಷನ್ ಆಫ್ ಡಿಪೆಂಡೆನ್ಸ್'. ಎಲ್ಲರೂ ಸ್ವಾತಂತ್ರ್ಯ ಘೋಷಿಸಿದರೆ ಇವರು ಅವಲಂಬನೆಯನ್ನು ಘೋಷಿಸಿದರು. ಒಬ್ಬೊಬ್ಬರೂ ತಮ್ಮ ದಾರಿಯಲ್ಲಿ ಹೋಗಿ, ಬೇರೆಯವರ ಜೊತೆ ನುಡಿಸಿ, ಯಶಸ್ಸನ್ನೂ ಕಂಡು, ಕೊನೆಗೆ ಎದುರು ಬದುರು ಕುಳಿತು "ನೀನಿಲ್ಲದೆ ಈ ಸಂಗೀತ ನನ್ನಿಂದ ಆಗುವುದಿಲ್ಲ" ಎಂದು ಒಪ್ಪಿಕೊಂಡ ಹಾಗೆ ಆ ಹೆಸರು ನನಗೆ ಕೇಳಿಸುತ್ತದೆ. ಇಡೀ ಆಲ್ಬಮ್ಮಿನಲ್ಲಿ ಡ್ರಮ್ ಇಲ್ಲ. 'ಮಿಸೆಸ್ ಕೋಲ್ಡ್' ಕೇಳಿ. ತಾಳ ಬರುವುದು ಗಿಟಾರಿನ ಮೇಲೆ ಬೀಳುವ ಕೈಯ ಏಟಿನಿಂದಲೇ. ಮನೆಯಲ್ಲಿ ನನ್ನ ಅಗ್ಗದ ಗಿಟಾರಿನಲ್ಲಿ ಅದನ್ನು ನುಡಿಸಲು ಎಷ್ಟೋ ತಿಂಗಳು ಕುಳಿತಿದ್ದೇನೆ. ಸ್ವರಗಳು ಕಷ್ಟವಲ್ಲ. ಎರಡು ಸ್ವರಗಳ ನಡುವೆ ತಂತಿಯನ್ನು ಸರಿಯಾದ ಕ್ಷಣಕ್ಕೆ ಸುಮ್ಮನಾಗಿಸುವುದು ಕಷ್ಟ. ಬಲಗೈ ನುಡಿಸುವಷ್ಟೇ ನಿಲ್ಲಿಸಬೇಕು. 'ಬೋಟ್ ಬಿಹೈಂಡ್' ಹಾಡಿನಲ್ಲಿ ಈ ಖಾಲಿ ಜಾಗಗಳ ಮೇಲೆ ಪಿಟೀಲಿಗಿಂತ ಕೊಂಚ ದೊಡ್ಡದಾದ ವಯೋಲ ತೇಲಿಬರುತ್ತದೆ, ಮನಸ್ಸು ಹಗುರಾಗುತ್ತದೆ.

ಆಮೇಲೆ ಹನ್ನೆರಡು ವರ್ಷ ಹೊಸ ಆಲ್ಬಮ್ ಬರಲಿಲ್ಲ. ಅರ್ಲೆಂಡ್ ಸಿಸಿಲಿಯ ಸಿರಾಕ್ಯೂಸ್ ಊರಿಗೆ ಮನೆ ಬದಲಿಸಿದರು, ಇಟಾಲಿಯನ್‌ನಲ್ಲಿ ಹಾಡಿದರು, ಐಸ್‌ಲ್ಯಾಂಡಿನ ರೆಗೆ ತಂಡವೊಂದನ್ನು ಜೊತೆಗಿಟ್ಟುಕೊಂಡು 'ಲೆಗಾವೊ' ಆಲ್ಬಮ್ ತಂದರು. ಐರಿಕ್ 2017ರಲ್ಲಿ 'ಕೊಮ್ಮೋದ' ತಂಡದ ಹೆಸರಿನಲ್ಲಿ ಒಂದು ಆಲ್ಬಮ್ ಕೊಟ್ಟರು. ನಡುನಡುವೆ ಇಬ್ಬರೂ ಸೇರಿ ಕಛೇರಿ ಮಾಡುತ್ತಿದ್ದರು. ವೇದಿಕೆಯ ಮೇಲೆ ಇಬ್ಬರೇ, ಎರಡೇ ಗಿಟಾರು. ಚಪ್ಪಾಳೆಯ ತಾಳ ಹಾಡನ್ನು ಮುಳುಗಿಸಿಬಿಡುತ್ತದೆ, ಆದ್ದರಿಂದ ಚಿಟಿಕೆ ಹೊಡೆಯಿರಿ ಎಂದು ಕೇಳಿಕೊಳ್ಳುವುದು ಇವರ ರೂಢಿ. ಧ್ವನಿಮುದ್ರಣಗಳಲ್ಲಿ ಅದನ್ನು ಕೇಳಿದ್ದೇನೆ. ತುಂಬಿದ ಸಭಾಂಗಣದ ಚಿಟಿಕೆಗಳ ಸದ್ದು ಹೆಂಚಿನ ಮೇಲೆ ಹನಿ ಮಳೆ ಶುರುವಾದಂತಿರುತ್ತದೆ.

ಹಾಗಾದರೆ ಹನ್ನೆರಡು ವರ್ಷ ಯಾಕೆ? 2021ರ 'ಪೀಸ್ ಆರ್ ಲವ್' ಆಲ್ಬಮ್ಮನ್ನು ಐದು ವರ್ಷಗಳ ಕಾಲ ಐದು ಊರುಗಳಲ್ಲಿ ಮುದ್ರಿಸಿದರು. ಇದು ಸೋಮಾರಿಗಳ ಲೆಕ್ಕವಲ್ಲ. ಎರಡೇ ಗಿಟಾರಿನ ಹಾಡಿನಲ್ಲಿ ತಿದ್ದಿ ತೇಪೆ ಹಾಕಲು ಜಾಗವಿರುವುದಿಲ್ಲ. ಇಬ್ಬರ ಮನಸ್ಸೂ ಉಸಿರೂ ಒಂದೇ ಹೊತ್ತಿಗೆ ಕೂಡಿಬರಬೇಕು. ಒಬ್ಬ ಬೆರ್ಗನ್ನಿನ ಮಳೆಯಲ್ಲಿ, ಇನ್ನೊಬ್ಬ ಸಿಸಿಲಿಯ ಬಿಸಿಲಿನಲ್ಲಿ ಬದುಕುವಾಗ ಆ ಕೂಡುವಿಕೆ ದಿನಾಂಕ ಗೊತ್ತುಮಾಡಿದರೆ ಬರುವಂಥದ್ದಲ್ಲ. ಹಾಡು ಬರದಿದ್ದಾಗ ಬಂದಂತೆ ನಟಿಸಲಿಲ್ಲ, ಜಗಳವಾಡಿ ಪತ್ರಿಕೆಯ ಮುಂದೆ ಹೋಗಲಿಲ್ಲ, ಹಳೆಯ ಹೆಸರಿನ ಮೇಲೆ ಅರೆಬೆಂದದ್ದನ್ನು ಬಡಿಸಲಿಲ್ಲ. ತಿಂಗಳಿಗೊಂದು ಹಾಡು ಬಿಡದಿದ್ದರೆ ಜನ ಮರೆಯುತ್ತಾರೆ ಎಂದು ಕಲಾವಿದರನ್ನು ಹೆದರಿಸುವ ಈ ಕಾಲದಲ್ಲಿ ಇವರು ಹನ್ನೆರಡು ವರ್ಷ ಬಿಟ್ಟು ಬಂದರು, ನಾವು ಮರೆತಿರಲಿಲ್ಲ. ಫೈಸ್ಟ್ ಕೂಡ ಎರಡು ಹಾಡಿಗೆ ಮರಳಿ ಬಂದರು.

ಆ ಆಲ್ಬಮ್ ಬಂದದ್ದು 2021ರ ಜೂನ್‌ನಲ್ಲಿ. ಕೋವಿಡ್ ಎರಡನೇ ಅಲೆಯ ದಿನಗಳು, ಎಲ್ಲರ ಮನೆಯಲ್ಲೂ ಭಯ. ಹಾಸನದ ಆ ಹುಡುಗ ಈಗ ಎರಡು ಮಕ್ಕಳ ತಂದೆ, ಊರಿಗೆ ಮರಳಿ ಅಂಗಡಿ ನಡೆಸುತ್ತಿದ್ದಾನೆ. ರಾತ್ರಿ ಊಟವಾದ ಮೇಲೆ ಫೋನ್ ಮಾಡಿದ. "ಅಣ್ಣ, ಹೊಸದು ಬಂದಿದೆಯಂತೆ, ಹಾಕಿ." ನಾನು ಫೋನನ್ನು ಸ್ಪೀಕರಿನ ಪಕ್ಕದಲ್ಲಿಟ್ಟೆ. 'ರೂಮರ್ಸ್' ಶುರುವಾಯಿತು. ಅದೇ ಎರಡು ದನಿ, ಸ್ವಲ್ಪ ಮಾಗಿದ್ದವು. ಎರಡನೆಯ ಹಾಡು 'ರಾಕಿ ಟ್ರೇಲ್'ಗೆ ಬರುವ ಹೊತ್ತಿಗೆ ಫೋನಿನ ಆ ಕಡೆಯಿಂದ ಮೆಲ್ಲಗೆ ಚಿಟಿಕೆ ಕೇಳಿಸುತ್ತಿತ್ತು.