ನಡೆಯಲು ಬಿಡದ ಊರು

ಇವತ್ತು ಬೆಳಗ್ಗೆ ಹತ್ತು ಕಿಲೋಮೀಟರ್ ನಡೆಯಬೇಕೆಂದು ಹೊರಟವಳು ನಾನು. ನಡೆದದ್ದು ಎರಡೂವರೆ. ಉಳಿದದ್ದು ಪಿಕಪ್ಪಿನಲ್ಲಿ, ಗೊಬ್ಬರದ ಮೂಟೆಗಳ ಜೊತೆ. ಸಿಟ್ಟು ಇನ್ನೂ ಇಳಿದಿಲ್ಲ.

ಶಿವರಾತ್ರಿಗೆ ಮಡಿಕೇರಿಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ. ಸಂಪಾಜೆ ಘಾಟಿ ಇಳಿದು, ಸುಳ್ಯ, ಗುತ್ತಿಗಾರು, ಸುಬ್ರಹ್ಮಣ್ಯ ದಾಟಿ ಹೋಗುವುದು. ನೂರು ಕಿಲೋಮೀಟರಿಗೂ ಜಾಸ್ತಿ. ಡಿಸೆಂಬರಿನ ಚಳಿಯಲ್ಲಿ ಬಿಸಿ ಕಾಫಿ ಹಿಡಿದು ಕೂತಿದ್ದಾಗ 'ನಾನೂ ಬರ್ತೇನೆ' ಅಂದುಬಿಟ್ಟೆ. ಆ ಕಾಫಿಯದ್ದೇ ತಪ್ಪು.

ಹೊಸ ಶೂ ಬಂತು, ಮೂರೇ ದಿನದಲ್ಲಿ ಹಿಮ್ಮಡಿಗೆ ಬೊಬ್ಬೆ ಬಂತು. ತಂಡದ ಹಿರಿಯರು ಉಪ್ಪುನೀರಲ್ಲಿ ಕಾಲಿಡಿ ಅಂದರು. ಇಟ್ಟೆ. ದಿನಾ ರಾತ್ರಿ ಎಂಟಕ್ಕೆ ಎಷ್ಟು ಹೆಜ್ಜೆ ನಡೆದಿರಿ ಅಂತ ಗ್ರೂಪಿಗೆ ಹಾಕಿ ಅಂದರು. ಅದನ್ನೂ ಹಾಕುತ್ತಿದ್ದೇನೆ. ಇದೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ನಮ್ಮ ಊರಿನವರ ಒಳ್ಳೆಯತನ.

ಕೊಡಗಿನಲ್ಲಿ ಯಾರಾದರೂ ರಸ್ತೆ ಬದಿ ನಡೆಯುತ್ತಿದ್ದರೆ ಬಸ್ಸು ತಪ್ಪಿರಬೇಕು, ಗಾಡಿ ಕೆಟ್ಟಿರಬೇಕು, ಇಲ್ಲ ಮನೆಯಲ್ಲಿ ಜಗಳ ಆಗಿರಬೇಕು. ಸುಮ್ನೆ ನಡೆಯುವವರು ಟೂರಿಸ್ಟುಗಳು ಮಾತ್ರ. ಮೇಲಾಗಿ ನಾನು ಟೀಚರ್. ಈ ರಸ್ತೆಯಲ್ಲಿ ಓಡುವ ಜೀಪುಗಳಲ್ಲಿ ಅರ್ಧ ನನ್ನ ಹಳೇ ವಿದ್ಯಾರ್ಥಿಗಳದ್ದೇ. ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗ ಇವತ್ತು ಕೆಲಸದವರನ್ನು ತುಂಬಿಕೊಂಡು ಹೋಗುತ್ತಿದ್ದ. ಕಾಲಿಡಲೂ ಜಾಗ ಇರದ ಜೀಪಿನಲ್ಲಿ 'ಟೀಚರ್‌ಗೆ ಸ್ವಲ್ಪ ಜಾಗ ಬಿಡಿ' ಅಂತ ಕೂಗಿದ. ಕೈ ಮುಗಿದು ಕಳಿಸಿದೆ.

ಆಮೇಲೆ ಬಂದದ್ದು ಪಕ್ಕದ ತೋಟದ ಮಾವ. ಎಪ್ಪತ್ತು ದಾಟಿದವರು.

"ಎಂತ ಟೀಚರೇ, ಗಾಡಿ ಕೆಟ್ಟಿತಾ?"

"ಇಲ್ಲ ಮಾವ, ನಡೀತಿದ್ದೇನೆ. ಧರ್ಮಸ್ಥಳಕ್ಕೆ ಅಭ್ಯಾಸ."

"ಅಲ್ಲಿಗೆ ಹೇಗೂ ನಡೀಲೇಬೇಕಲ್ಲ. ಈಗ್ಲೇ ಯಾಕೆ ಕಾಲು ಸವೆಸ್ತೀರಿ? ಹತ್ತಿ."

ಬೇಡ ಅಂದೆ. ಮಾವ ಹೋಗಲಿಲ್ಲ. ಫಸ್ಟ್ ಗೇರಿನಲ್ಲಿ, ನನ್ನ ಪಕ್ಕದಲ್ಲೇ, ನನ್ನ ನಡಿಗೆಯ ವೇಗದಲ್ಲೇ ಪಿಕಪ್ಪು ಬಂತು. ಕಿಟಕಿಯಿಂದ ಮೊಣಕೈ ಹೊರಗೆ. ಕರಿಮೆಣಸಿನ ರೇಟು, ಈ ಸಲ ಕಾಫಿ ಅರಳಿಸೋ ಹೂಮಳೆ ಬಂದೀತಾ, ಆನೆ ಮುರಿದ ಬೇಲಿ, ಸೊಸೆಯ ಕಣ್ಣಿನ ಆಪರೇಷನ್ನು, ಒಂದೂ ಬಿಡಲಿಲ್ಲ. ನಾನು ಬೇಗ ನಡೆದರೆ ಅವರೂ ಬೇಗ. ಶೂ ಲೇಸು ಕಟ್ಟಲು ನಿಂತರೆ ಅವರೂ ನಿಂತರು. ಹಿಂದೆ ಮಂಗಳೂರು ಬಸ್ಸು, ಅದರ ಹಿಂದೆ ಎರಡು ಲಾರಿ, ಎಲ್ಲರದ್ದೂ ಹಾರ್ನು. ತಿರುವಿನಲ್ಲಿ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಅಮ್ಮಾ, ದಯವಿಟ್ಟು ಹತ್ತಿಬಿಡಿ!" ಅಂದ.

ಹತ್ತಿದೆ.

ತಾಳತ್ತಮನೆ ಹತ್ತಿರ ಭಾಗಮಂಡಲದ ಬಸ್ಸು ಕಂಡಾಗ ಅಜ್ಜಿ ನೆನಪಾದಳು. ತುಲಾ ಸಂಕ್ರಮಣಕ್ಕೆ ಚೇರಂಬಾಣೆ ಕಡೆಯಿಂದ ಬರಿಗಾಲಲ್ಲಿ ಹೊರಟು, ಭಾಗಮಂಡಲದಲ್ಲಿ ಮಿಂದು, ಮತ್ತೆ ಎಂಟು ಕಿಲೋಮೀಟರ್ ಹತ್ತಿ ತಲಕಾವೇರಿ ಸೇರುತ್ತಿದ್ದಳಂತೆ. ಬರುವಾಗ ತಾಮ್ರದ ಚೊಂಬಿನಲ್ಲಿ ತೀರ್ಥ, ಬಾಯಿಗೆ ಬಾಳೆ ಎಲೆ ಕಟ್ಟಿ. ಅಭ್ಯಾಸ ಅಂತ ಯಾವತ್ತಾದರೂ ಮಾಡಿದ್ದಳಾ? ನೀರು ತರಲು, ಸೌದೆಗೆ, ಮದುವೆಗೆ, ಸಾವಿಗೆ, ಎಲ್ಲದಕ್ಕೂ ನಡೆದೇ ಹೋಗುತ್ತಿದ್ದವಳು. ದಾರಿಯಲ್ಲಿ ನಿಲ್ಲಿಸಿ ಹತ್ತು ಅನ್ನಲು ಯಾರಲ್ಲೂ ಗಾಡಿಯೇ ಇರಲಿಲ್ಲ.

ಮಾವ ಮೊದಲು ತಮ್ಮ ಮನೆಗೇ ಕರೆದೊಯ್ದರು. ಕಾಫಿ, ಎರಡು ಕಡುಬು, ಕೈಗೊಂದು ಗೊನೆ ಬಾಳೆಹಣ್ಣು. ಗೊನೆ ಹೊತ್ತು ನಡೆಯುವುದು ಹೇಗೆ? ಮತ್ತೆ ಪಿಕಪ್ಪಿನಲ್ಲೇ ಮನೆಗೆ.

ರಾತ್ರಿ ಎಂಟಕ್ಕೆ ಫೋನ್ ನೋಡಿದರೆ ಹದಿಮೂರು ಸಾವಿರ ಹೆಜ್ಜೆ! ತೋಟದ ದಾರಿಯ ಗುಂಡಿಗಳನ್ನೆಲ್ಲ ಅದು ನನ್ನ ಲೆಕ್ಕಕ್ಕೆ ಹಾಕಿತ್ತು. ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಪಾಠ ಮಾಡುವವಳು ನಾನು. ಆದರೂ ಹಾಕಿದೆ. ಹಿರಿಯರಿಂದ ಮೂರು ಚಪ್ಪಾಳೆ ಬಂತು.

ಈಗಷ್ಟೇ ಮಾವನ ಫೋನ್. "ನಾಳೆ ಆರೂವರೆಗೆ ಹೊರಡ್ತೇನೆ ಟೀಚರೇ. ನೀವು ಎಲ್ಲಿಂದ ನಡಿಯೋದು?"